ದೊಡ್ಡ ಅಕ್ಕೋರ ನೀಲಿ ಗುಳಿಗೆ

ಕಳೆದ ತಿಂಗಳು ನಮ್ಮ ದೊಡ್ಡ ಅಕ್ಕೋರು, ಅಂದರೆ ಹೆಡ್‌ಮಿಸ್ಟ್ರೆಸ್ಸು, ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಏಳು ಜನ ಮಾತಾಡಿದರು. ಏಳೂ ಜನ ಅವರ ಶಿಸ್ತು, ಸಮಯಪಾಲನೆ, ತಾಯಿಹೃದಯ ಇವನ್ನೇ ಹಿಂದುಮುಂದು ಮಾಡಿ ಹೇಳಿದರು. ತಾಯಿಹೃದಯ ಎಂಬ ಮಾತು ಬಂದಾಗಲೆಲ್ಲ ಅಕ್ಕೋರು ವೇದಿಕೆಯ ಮೇಲೆ ಕೂತು, ಹೊದಿಸಿದ ಶಾಲಿನ ದಾರ ಎಳೆಯುತ್ತಿದ್ದರು. ಹೊಗಳಿಕೆ ಅವರಿಗೆ ಆಗಿಬರುವುದಿಲ್ಲ. ನನ್ನ ಸರದಿ ಬಂದಾಗ ನಾನೂ ಶಿಸ್ತು, ಸಮಯಪಾಲನೆ ಅಂತಲೇ ಹೇಳಿ ಕೂತುಬಿಟ್ಟೆ. ಇಲಾಖೆಯ ಸಾಹೇಬರ ಎದುರು, ಮೈಕು ಹಿಡಿದು, ಒಬ್ಬ ಹೆಡ್‌ಮಿಸ್ಟ್ರೆಸ್ಸು ಮೈತುಂಬ ಕಬ್ಬಿಣ ತುಂಬಿಕೊಂಡ ಕತೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವರನ್ನು ನಾನು ಮೊದಲು ಕಂಡದ್ದು ಕುರುಗೋಡಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಕನ್ನಡ ಮೇಷ್ಟರಾಗಿ ವರ್ಗವಾಗಿ ಬಂದ ದಿನ. ಬಳ್ಳಾರಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ. ಆದೇಶದ ಪ್ರತಿಯನ್ನು ಅವರ ಮೇಜಿನ ಮೇಲಿಟ್ಟು ಕೈ ಮುಗಿದೆ. ಅವರು ಅದನ್ನು ನೋಡಲಿಲ್ಲ. ಎದ್ದು ಬಂದು, ನನ್ನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದರು. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುತ್ತಾರಲ್ಲ, ಹಾಗೆ.

"ಬಿಳಚಿಕೊಂಡೀರಲ್ರಿ ಸರ. ಮನ್ಯಾಗ ಏನು ಉಣ್ತೀರಿ?"

"ಅನ್ನ, ಸಾರು ರಿ."

"ಉಂಡ ಕೂಡ್ಲೆ ಚಾ ಕುಡೀತೀರೇನು?"

"ಹೌದ್ರಿ."

"ಹಂಗಾರ ಉಂಡಿದ್ದೆಲ್ಲ ದಂಡ. ಊಟದಾಗಿನ ಕಬ್ಬಿಣಾನ ಚಾ ಮೈಗೆ ಹತ್ತಗೊಡೂದಿಲ್ಲ. ನಮ್ಮ ಸಾಲ್ಯಾಗ ಊಟ ಆಗಿ ಒಂದು ತಾಸು ಚಾ ಬಂದ್ ಅದ. ತಿಳೀತಿಲ್ಲೋ?"

ಆಮೇಲೆ ನನ್ನ ಆದೇಶಕ್ಕೆ ಸಹಿ ಮಾಡಿದರು. ನಾನು ನಲವತ್ತು ದಾಟಿದ ಗಂಡಸು, ಎರಡು ಮಕ್ಕಳ ತಂದೆ. ಹೊರಗೆ ಬಂದು ಕಣ್ಣು ಉಜ್ಜಿಕೊಳ್ಳುತ್ತ ನಿಂತಿದ್ದಾಗ ಗಣಿತದ ಮೇಷ್ಟರು ಬಂದು ಹೆಗಲ ಮೇಲೆ ಕೈ ಹಾಕಿ, "ಎಲ್ಲಾರದೂ ಆಗೇತಿ ಬಿಡ್ರಿ" ಎಂದು ಸಮಾಧಾನ ಹೇಳಿದರು. ಅವರೇ ಮಧ್ಯಾಹ್ನ ನನ್ನನ್ನು ಲ್ಯಾಬಿನ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಅರ್ಧ ಸ್ಟಾಫು ಗೋಡೆಗೆ ಒರಗಿ, ಫ್ಲಾಸ್ಕಿನಿಂದ ಕದ್ದು ಚಹಾ ಕುಡಿಯುತ್ತಿತ್ತು. ಬೀಡಿ ಸೇದುವ ಹುಡುಗರ ಹಾಗೆ ಒಬ್ಬರು ಮೂಲೆಯಲ್ಲಿ ಕಾವಲು ನಿಂತಿದ್ದರು.

ಈ ರೆಪ್ಪೆ ಎಳೆಯುವ ಚಟಕ್ಕೆ ಜಾತಿ, ವಯಸ್ಸು, ಅಧಿಕಾರ ಯಾವುದೂ ಅಡ್ಡ ಬರುತ್ತಿರಲಿಲ್ಲ. ಬಸ್ ಕಂಡಕ್ಟರಿಣಿಯ ರೆಪ್ಪೆ ಎಳೆದು ಟಿಕೆಟ್ ತೆಗೆದುಕೊಳ್ಳುತ್ತಲೇ ನುಗ್ಗೆಸೊಪ್ಪಿನ ಪಲ್ಯ ಮಾಡುವ ವಿಧಾನ ಹೇಳಿಕೊಟ್ಟಿದ್ದನ್ನು ನಾನೇ ಕಂಡಿದ್ದೇನೆ. ಸಿರುಗುಪ್ಪ ಅವರ ತವರು. ಅಲ್ಲಿ ಅವರ ತಮ್ಮನ ಮಗಳ ಮದುವೆಗೆ ನಾವೆಲ್ಲ ಹೋಗಿದ್ದೆವು. ಕೈಯಲ್ಲಿ ಅಕ್ಷತೆ ಹಿಡಿದು ವೇದಿಕೆ ಹತ್ತಿದ ಅಕ್ಕೋರು, ಅಕ್ಷತೆ ಹಾಕುವ ಮೊದಲು ಮದುಮಗಳ ರೆಪ್ಪೆ ಎಳೆದು ನೋಡಿ, "ಥೂ, ಇದೇನವ್ವ!" ಎಂದುಬಿಟ್ಟರು. ಹುಡುಗಿಗೆ ಏನೋ ರೋಗವಿದೆ, ಮುಚ್ಚಿಟ್ಟಿದ್ದಾರೆ ಎಂದು ಬೀಗರ ಕಡೆ ಗುಸುಗುಸು ಶುರುವಾಯಿತು. ಅಕ್ಕೋರು ಹಿಂಜರಿಯಲಿಲ್ಲ. ಸಾಲಾಗಿ ಕೂತಿದ್ದ ಬೀಗಿತ್ತಿಯರ ಕಣ್ಣುಗಳನ್ನೂ ಒಂದೊಂದಾಗಿ ಎಳೆದು ನೋಡಿ, "ನಿಮ್ಮವೂ ಹಂಗs ಅದಾವ, ಸುಮ್ಮನ ಕುಂದರ್ರಿ" ಎಂದರು. ಮದುವೆ ಸಾಂಗವಾಗಿ ನಡೆಯಿತು.

ಅವರ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು, ಬಹಳ ಸಾಧು. ಬಳ್ಳಾರಿ ಕಂಟೋನ್ಮೆಂಟಿನ ಅವರ ಮನೆಗೆ ಹೋದರೆ ಅಡುಗೆಯೆಲ್ಲ ಕಬ್ಬಿಣದ ಬಾಣಲೆಯಲ್ಲಿ. ಬಿಳಿ ಉಪ್ಪಿಟ್ಟು ಕೂಡ ಬೂದಿ ಬಣ್ಣಕ್ಕೆ ತಿರುಗಿರುತ್ತಿತ್ತು. ಪ್ರತಿ ತಟ್ಟೆಗೂ ಅರ್ಧ ನಿಂಬೆಹಣ್ಣು. ಹುಳಿ ಇದ್ದರೆ ಕಬ್ಬಿಣ ಮೈಗೆ ಹತ್ತುತ್ತದಂತೆ. "ಕಾಫಿ ಯಾವಾಗ ಕುಡೀತೀರಿ ಸರ?" ಎಂದು ಯಜಮಾನರನ್ನು ಕೇಳಿದೆ. ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, "ವಾಕಿಂಗ್ ಹೋದಾಗ" ಎಂದರು.

ಬೀಟ್‌ರೂಟಿನ ಮೇಲೆ ಮಾತ್ರ ಅಕ್ಕೋರಿಗೆ ಸಿಟ್ಟು. "ಕೆಂಪಗ ಅದ ಅಂತ ಅದನ್ನ ತಿಂದ್ರ ರಕ್ತ ಆಗ್ತದ ಅಂತಾರ. ಹಂಗಾರ ಕುಂಕುಮ ತಿನ್ರಿ!" ಎಂದು ವಿಜ್ಞಾನದ ತರಗತಿಯಲ್ಲಿ ಗುಡುಗುತ್ತಿದ್ದರು. ಇನ್ನೊಂದು ಮಾತನ್ನು, ಅದಿರು ತುಂಬಿದ ಲಾರಿ ಕಂಡಾಗಲೆಲ್ಲ, ತಪ್ಪದೆ ಹೇಳುತ್ತಿದ್ದರು: "ನಮ್ಮ ನೆಲದಾಗಿಂದ ದೇಶಕ್ಕೆಲ್ಲ ಕಬ್ಬಿಣ ಕೊಡ್ತೀವಿ. ನಮ್ಮ ಹುಡುಗ್ಯಾರ ಮೈಯಾಗ ಮಾತ್ರ ಒಂದು ಮೊಳಿ ಮಾಡೂವಷ್ಟೂ ಇಲ್ಲ."

ನಾವು ಇದನ್ನೆಲ್ಲ ನಗೆಚಾಟಿಕೆ ಮಾಡುತ್ತಿದ್ದೆವು. ಒಂದು ದಿನ ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಾಗ ನಾನು ಸಲಿಗೆಯಿಂದ, "ಮೇಡಂ, ನಿಮಗ ಈ ಕಬ್ಬಿಣದ ಹುಚ್ಚು ಯಾವಾಗ ಹಿಡೀತ್ರಿ?" ಎಂದು ಕೇಳಿದೆ. ಅವರು ಕಿಟಕಿಯಾಚೆ ಭತ್ತದ ಗದ್ದೆ ನೋಡುತ್ತ ಹೇಳಿದರು: "ನಮ್ಮ ಅಕ್ಕ ಇದ್ಲು ಸರ. ಸಿರುಗುಪ್ಪಿಯಾಗ. ಮೊದಲ ಹೆರಿಗ್ಯಾಗ ಹೋದ್ಲು. ಮೈಯಾಗ ರಕ್ತs ಇದ್ದಿಲ್ಲಂತ ಅಂದ್ರು ಡಾಕ್ಟ್ರು. ಇದ್ದಾಗ ಯಾರೂ ನೋಡಿದ್ದಿಲ್ಲ. ಬೆಳ್ಳಗ ಅದಾಳ, ಚಂದ ಅದಾಳ ಅಂತಿದ್ರು." ಅದಾದ ಮೇಲೆ ನಾನು ಅವರ ಎದುರು ಆ ವಿಷಯದಲ್ಲಿ ನಗಲಿಲ್ಲ. ಹಿಂದಿನಿಂದ ನಗುವುದನ್ನು ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ.

ನಮ್ಮ ಶಾಲೆಯ ದೊಡ್ಡ ಹಬ್ಬವೆಂದರೆ ಸೋಮವಾರ. ಅಂದು ಮಧ್ಯಾಹ್ನದ ಊಟವಾದ ಮೇಲೆ ಹುಡುಗಿಯರಿಗೆಲ್ಲ ಕಬ್ಬಿಣದ ನೀಲಿ ಗುಳಿಗೆ. ಅಕ್ಕೋರು ಗುಳಿಗೆಯ ಡಬ್ಬಿಯನ್ನು ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ತಾಳಿಸರದ ಜೊತೆ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಮನೆಗೆ ಗುಳಿಗೆ ಒಯ್ಯಲು ಯಾರನ್ನೂ ಬಿಡುತ್ತಿರಲಿಲ್ಲ. "ಸಣ್ಣ ಕೂಸಿನ ಕೈಗೆ ಹತ್ತು ಗುಳಿಗಿ ಸಿಕ್ರ ಜೀವಾನ ಹೋಗ್ತದ. ಇದೇನು ಪುಠಾಣಿ ಅಲ್ಲ" ಎನ್ನುತ್ತಿದ್ದರು. ಗುಳಿಗೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂಬುದನ್ನು ಬೆಳಗಿನ ಪ್ರಾರ್ಥನೆಯಲ್ಲಿ, ಮೈಕಿನಲ್ಲಿ, ಊರಿಗೇ ಕೇಳುವ ಹಾಗೆ, ಉದಾಹರಣೆ ಸಹಿತ ವಿವರಿಸಿದ್ದರು. ಗಂಡು ಮೇಷ್ಟರುಗಳೆಲ್ಲ ಆಕಾಶದಲ್ಲಿ ಹದ್ದು ಹುಡುಕುತ್ತ ನಿಂತಿದ್ದೆವು.

ಎಲ್ಲ ತಿಳಿದ ಇವರು ಮಾಡಿದ ತಪ್ಪು ಒಂದೇ. ಮಕ್ಕಳಿಗೆ ಧೈರ್ಯ ಬರಲಿ ಎಂದು ಶಿಕ್ಷಕರೂ ಅವರೆದುರು ಒಂದು ಗುಳಿಗೆ ನುಂಗಿ ತೋರಿಸಬೇಕು ಎಂದು ತರಬೇತಿಯಲ್ಲಿ ಯಾರೋ ಹೇಳಿದ್ದರು. ನಾವು ಒಂದು ಸೋಮವಾರ ನುಂಗಿ, ಇನ್ನೊಂದು ಸೋಮವಾರ ಮರೆತು, ಹಾಗೇ ಕಾಲ ಹಾಕಿದೆವು. ಅಕ್ಕೋರು ಹಾಗಲ್ಲ. ನಮ್ಮಲ್ಲಿ ಆರು ತರಗತಿಗಳು. ಎಂಟನೆಯ ಎ ವಿಭಾಗದವರು ನೋಡಿದ್ದು ಎಂಟನೆಯ ಬಿ ವಿಭಾಗದವರಿಗೆ ಹೇಗೆ ಗೊತ್ತಾಗಬೇಕು? ಆದ್ದರಿಂದ ಆರೂ ಕೋಣೆಗಳಲ್ಲಿ ಒಂದೊಂದು ನುಂಗುತ್ತಿದ್ದರು. ವರ್ಷಾನುಗಟ್ಟಲೆ ಹೀಗೆ ನಡೆಯಿತು. ನಾವೆಲ್ಲ ಕಣ್ಣಾರೆ ನೋಡಿದೆವು. ಗಣಿತದ ಮೇಷ್ಟರು ಸೇರಿ ಒಬ್ಬರಿಗೂ ಅದನ್ನು ಕೂಡಿಸಿ ನೋಡಬೇಕೆಂದು ಹೊಳೆಯಲಿಲ್ಲ.

ಇದರ ಮೇಲೆ ಹುಲಿಗೆಮ್ಮ ಬಂದಳು. ಒಂಬತ್ತನೆಯ ತರಗತಿ, ಕಡ್ಡಿಯಂಥ ಹುಡುಗಿ, ಬಾಯಿ ಮಾತ್ರ ಗಟ್ಟಿ. ಆರೋಗ್ಯ ಶಿಬಿರದಲ್ಲಿ ಅವಳ ಬೆರಳು ಚುಚ್ಚಿ ನೋಡಿದ ನರ್ಸಮ್ಮ, ಯಂತ್ರ ಕೆಟ್ಟಿದೆಯೆಂದು ತಿಳಿದು ಇನ್ನೊಮ್ಮೆ ಚುಚ್ಚಿದರು. ಯಂತ್ರ ಸರಿಯಾಗಿಯೇ ಇತ್ತು. ಅವಳಿಗೆ ವಾರಕ್ಕೊಂದು ಸಾಲದು, ದಿನಾ ನುಂಗಬೇಕು, ಅರ್ಧಕ್ಕೆ ಬಿಡಬಾರದು ಎಂದು ಡಾಕ್ಟರು ಬರೆದುಕೊಟ್ಟರು. ಹುಲಿಗೆಮ್ಮ ಒಪ್ಪಿ ತಲೆಯಾಡಿಸಿ, ಗುಳಿಗೆಯನ್ನು ನಾಲಗೆ ಕೆಳಗಿಟ್ಟುಕೊಂಡು ಹೋಗಿ ಕಿಟಕಿಯಾಚೆ ಉಗಿದಳು. ಕಿಟಕಿಯ ಹಿಂದೆ ಕಸ ಗುಡಿಸುವಾಗ ನೀಲಿ ಗುಳಿಗೆಗಳ ರಾಶಿ ಸಿಕ್ಕಿತು.

ಅಕ್ಕೋರು ಬೈಯಲಿಲ್ಲ. ಅವಳನ್ನು ಕೋಣೆಗೆ ಕರೆಸಿ ಕೂರಿಸಿದರು. ನಾನು ಹಾಜರಿ ಪುಸ್ತಕಕ್ಕಾಗಿ ಅಲ್ಲೇ ಇದ್ದೆ.

"ಯಾಕ ಉಗುಳಿದಿ?"

"ವಾಂತಿ ಬರ್ತೈತ್ರಿ ಅಕ್ಕೋರ. ಕಬ್ಬಿಣ ನೆಕ್ಕಿದಂಗ ಆಗ್ತೈತಿ."

"ಉಂಡು ನುಂಗ್ತಿಯೇನು?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಬೆಳಗ್ಗೆ ಏನೂ ತಿನ್ನದೆ ಬರುತ್ತಾಳೆಂದು ಅಕ್ಕೋರಿಗೆ ಅರ್ಥವಾಯಿತು. ಮರುದಿನದಿಂದ ತಮ್ಮ ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಚಟ್ನಿ, ನಿಂಬೆಹೋಳು ಹೆಚ್ಚಿಗೆ ತಂದರು. ತಿಂದಾದ ಮೇಲೆ ಹುಲಿಗೆಮ್ಮ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದಳು: "ನೀವು ದಿನಾ ನುಂಗ್ತೀರೇನು ಅಕ್ಕೋರ? ನೀವು ನುಂಗಿದ್ರ ನಾನೂ ನುಂಗ್ತೀನಿ."

"ಆತವ್ವ. ಮಾತು ಅಂದ್ರ ಮಾತು."

ಹೀಗೆ ಸೋಮವಾರದ ಆರರ ಮೇಲೆ ದಿನಕ್ಕೊಂದು ಸೇರಿತು. ಹುಲಿಗೆಮ್ಮನಿಗೆ ರಜೆ ಬಂದು ಕೋರ್ಸು ಅರ್ಧಕ್ಕೆ ನಿಂತು, ಮತ್ತೆ ಮೊದಲಿನಿಂದ ಶುರುವಾಯಿತು. ಅಕ್ಕೋರು ರಜೆಯಲ್ಲೂ ನಿಲ್ಲಿಸಲಿಲ್ಲ. "ಅಕಿ ಬಿಟ್ಟಾಳಂತ ನಾನು ಬಿಡಾಕ ಆಗ್ತದೇನು" ಎಂದರಂತೆ ಯಜಮಾನರ ಹತ್ತಿರ. ಅವರು ಎಂದಿನಂತೆ ವಾಕಿಂಗ್ ಹೋದರು.

ಹೋದ ವರ್ಷದ ಮಳೆಗಾಲದ ಹೊತ್ತಿಗೆ ಅಕ್ಕೋರು ಬಳಲತೊಡಗಿದರು. ಮೆಟ್ಟಿಲು ಹತ್ತಿ ನಿಂತುಕೊಳ್ಳುವರು. ಬೆರಳ ಗೆಣ್ಣು ನೋಯುತ್ತದೆಂದು ಸೀಮೆಸುಣ್ಣ ಬಿಟ್ಟುಬಿಡುವರು. ಮುಖ ಕಂದುಗಟ್ಟಿತು. "ಬಳ್ಳಾರಿ ಬಿಸಲು ಮೇಡಂ, ನಿಮ್ಮನ್ನೂ ಬಿಡಲಿಲ್ಲ" ಎಂದು ನಾನು ತಮಾಷೆ ಮಾಡಿದೆ. ಆ ತಮಾಷೆಯನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಜಗತ್ತಿನವರ ರೆಪ್ಪೆಯೆಲ್ಲ ಎಳೆದ ಈ ಹೆಂಗಸು ತಮ್ಮ ರಕ್ತವನ್ನು ಒಂದು ಸಲವೂ ಪರೀಕ್ಷೆ ಮಾಡಿಸಿರಲಿಲ್ಲ. ತಾವೇ ರೋಗ ತೀರ್ಮಾನ ಮಾಡಿದರು: ಸುಸ್ತು ಅಂದರೆ ರಕ್ತ ಕಡಿಮೆ. ಔಷಧಿ ಅಂಗಡಿಯಿಂದ ಕಬ್ಬಿಣದ ಟಾನಿಕ್ಕು ತಂದು ಅದನ್ನೂ ಕುಡಿಯಲು ಶುರುಮಾಡಿದರು.

ಒಂದು ದಿನ ತರಗತಿಯಲ್ಲೇ ಕಣ್ಣುಕತ್ತಲೆ ಬಂದು ಕುಸಿದು ಕೂತರು. ಯಜಮಾನರು ಮತ್ತು ನಾನು ಹಟ ಹಿಡಿದು ಬಳ್ಳಾರಿಯ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ರಕ್ತ ಕೊಟ್ಟು ಬಂದು, ಎರಡು ದಿನ ಬಿಟ್ಟು ಮತ್ತೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನವರು. ರಿಪೋರ್ಟನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ನಿಮಗೆ ಕಬ್ಬಿಣದ ಮಾತ್ರೆ ಬರೆದುಕೊಟ್ಟವರು ಯಾರಮ್ಮ?"

"ನಾನs ರಿ."

"ನೀವು ಡಾಕ್ಟರಾ?"

"ಹೆಡ್‌ಮಿಸ್ಟ್ರೆಸ್ಸು."

"ವಾರಕ್ಕೆ ಎಷ್ಟು ತಗೊಳ್ತೀರಿ?"

ಅಕ್ಕೋರು ಬೆರಳು ಮಡಚಿ ಎಣಿಸತೊಡಗಿದರು. ಎರಡೂ ಕೈ ಮುಗಿದು, ಮತ್ತೆ ಎಡಗೈಗೆ ಬಂದಾಗ ಡಾಕ್ಟರು ಸಾಕು ಎಂಬಂತೆ ಕೈ ಎತ್ತಿದರು. ಯಜಮಾನರು, "ಟಾನಿಕ್ಕು ಬ್ಯಾರೆ ಐತ್ರಿ" ಎಂದು ಮೆಲ್ಲಗೆ ಸೇರಿಸಿದರು. ನಾನು ಅವರ ಬಾಯಿಂದ ಕೇಳಿದ ಮೊದಲ ಚಾಡಿ ಅದು.

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಮೈಯೊಳಗೆ ಕಬ್ಬಿಣ ಬರಲು ಬಾಗಿಲಿದೆ, ಹೊರಗೆ ಹೋಗಲು ಬಾಗಿಲಿಲ್ಲ. ಮುಟ್ಟು ನಿಂತ ಮೇಲಂತೂ ಹೆಂಗಸರ ಮೈಯಿಂದ ಅದು ಹೋಗುವ ದಾರಿಯೇ ಕಡಿಮೆ. ಕೆಲವರ ಮೈ ಹುಟ್ಟಿನಿಂದಲೇ ಕಬ್ಬಿಣವನ್ನು ಹೆಚ್ಚಿಗೆ ಹಿಡಿದಿಟ್ಟುಕೊಳ್ಳುತ್ತದೆ, ಅಕ್ಕೋರದೂ ಅಂಥದೇ ಇರಬೇಕು, ಅದಕ್ಕೆ ಬೇರೆ ಪರೀಕ್ಷೆ ಮಾಡಿಸಬೇಕು. ಹೆಚ್ಚಾದ ಕಬ್ಬಿಣ ಯಕೃತ್ತಿನಲ್ಲಿ, ಕೀಲುಗಳಲ್ಲಿ ಕೂತಿದೆ. ಹೀಗೇ ಬಿಟ್ಟರೆ ಯಕೃತ್ತು ಕೆಡುತ್ತದೆ, ಹೃದಯಕ್ಕೂ ಬರುತ್ತದೆ. "ನಿಮಗಿರುವ ಸುಸ್ತು ರಕ್ತ ಕಡಿಮೆಯಾಗಿ ಬಂದದ್ದಲ್ಲಮ್ಮ. ಕಬ್ಬಿಣ ಹೆಚ್ಚಾಗಿ ಬಂದದ್ದು."

ಅಕ್ಕೋರು ಕೆಟ್ಟ ಉತ್ತರ ಬರೆದ ವಿದ್ಯಾರ್ಥಿಯನ್ನು ನೋಡುವಂತೆ ಅವರನ್ನು ನೋಡಿದರು. "ನೀವು ಬರೋಬ್ಬರಿ ಓದೀರೇನ್ರಿ? ಹೆಸರು ಅದಲು ಬದಲಾಗಿರಬೇಕು."

"ಇಲ್ಲಮ್ಮ, ನಿಮ್ಮದೇ."

"ಹಂಗಾರ ಹುಡುಗ್ಯಾರಿಗೆ ವಾರಕ್ಕೊಂದು ಕೊಡೂದೂ ತಪ್ಪೇನು?"

"ಖಂಡಿತಾ ತಪ್ಪಲ್ಲ. ಬೆಳೆಯುವ ಮಕ್ಕಳಿಗೆ ಅದು ಬೇಕೇ ಬೇಕು. ತಪ್ಪು ನೀವು ಅವರ ಪಾಲಿನದನ್ನು ನುಂಗಿದ್ದು."

ಇದಕ್ಕೆ ಚಿಕಿತ್ಸೆಯೆಂದರೆ ಹದಿನೈದು ದಿನಕ್ಕೊಮ್ಮೆ ಒಂದು ಚೀಲ ರಕ್ತ ತೆಗೆಯುವುದು. ರಕ್ತ ತೆಗೆದರೆ ಮೈ ಹೊಸ ರಕ್ತ ಮಾಡಲು ಒಳಗೆ ಕೂಡಿಟ್ಟ ಕಬ್ಬಿಣವನ್ನು ಖರ್ಚು ಮಾಡುತ್ತದೆ. ಅಲ್ಲಿಂದ ಮುಂದೆ ಗುಳಿಗೆ ಮುಟ್ಟುವಂತಿಲ್ಲ. ಊಟದ ಜೊತೆ ನಿಂಬೆಹಣ್ಣು ಬೇಡ, ಕಬ್ಬಿಣದ ಬಾಣಲೆ ಬೇಡ. ಕೊನೆಗೆ ಡಾಕ್ಟರು, "ಊಟ ಮಾಡುವಾಗ ಒಂದು ಕಪ್ ಚಹಾ ಕುಡಿದರೆ ಒಳ್ಳೆಯದು" ಎಂದರು. ಯಜಮಾನರು ಡಾಕ್ಟರಿಗೆ ಕೈ ಮುಗಿದ ರೀತಿ ನೋಡಿದರೆ ಸಾಕ್ಷಾತ್ ಕುರುಗೋಡು ಬಸವೇಶ್ವರನೇ ಎದುರು ಕೂತಂತಿತ್ತು.

ಮೊದಲ ಸಲ ರಕ್ತ ತೆಗೆಸುವಾಗ ನಾನೂ ಜೊತೆಗಿದ್ದೆ. ತೆಗೆಯುವವರು ಬಳ್ಳಾರಿಯ ಕೌಲ್ ಬಜಾರಿನ ಒಬ್ಬ ಹಿರಿಯ ಟೆಕ್ನಿಷಿಯನ್, ಬಿಳಿ ಗಡ್ಡದ ಮೆದು ಮಾತಿನ ಮನುಷ್ಯ. "ಫಿಕರ್ ಮಾಡಬ್ಯಾಡ್ರಿ ಮೇಡಂ, ಇರವಿ ಕಚ್ಚಿದಂಗ" ಎಂದು ಸೂಜಿ ಹಾಕಿದರು. ಅಕ್ಕೋರು ಹೆದರಲಿಲ್ಲ. ಚೀಲ ತುಂಬುವುದನ್ನೇ ನೋಡುತ್ತ ಮಲಗಿದ್ದರು. ಗಟ್ಟಿಯಾದ, ಕೆಂಪಾದ, ಚಂದದ ರಕ್ತ.

"ಇದನ್ನ ಯಾರಿಗೆ ಕೊಡ್ತೀರಿ?" ಎಂದು ಕೇಳಿದರು.

"ಯಾರಿಗೂ ಇಲ್ರಿ ಮೇಡಂ. ಚಿಕಿತ್ಸೆಗೆ ಅಂತ ತಗದ ರಕ್ತ ನಮ್ಮಲ್ಲಿ ಬ್ಯಾರೇದವ್ರಿಗೆ ಕೊಡೂದಿಲ್ಲ. ಚೆಲ್ತೀವಿ."

ಅಕ್ಕೋರು ಎದ್ದು ಕೂತುಬಿಟ್ಟರು. "ಚೆಲ್ತೀರಿ? ಇಷ್ಟೂ? ನಮ್ಮ ಹುಡುಗಿ ಹುಲಿಗೆಮ್ಮ ಬೆರಳು ಹಿಂಡಿದ್ರ ನೀರು ಬಂದಂಗ ಬರ್ತದ, ನೀವು ಚೀಲಗಟ್ಲೆ ಚೆಲ್ತೀರಿ?" ಎಂದು ಜೋರು ಮಾಡುತ್ತಿದ್ದವರು ನಡುವೆಯೇ ಅತ್ತುಬಿಟ್ಟರು. ಆ ಹಿರಿಯರು ಗಾಬರಿಯಾಗಿ ಹತ್ತಿ ಒತ್ತಿ ಹಿಡಿದರು. ನಾನು ಅಕ್ಕೋರಿಗೆ ನೀರು ಕೊಟ್ಟೆ. ಕನ್ನಡ ಮೇಷ್ಟರಾಗಿ ಇಪ್ಪತ್ತು ವರ್ಷ ಮಾತನ್ನೇ ಮಾರಿ ಬದುಕಿದವನು, ಅಲ್ಲಿ ಸುಮ್ಮನೆ ಲೋಟ ಹಿಡಿದು ನಿಂತಿದ್ದೆ.

ಈಗ ತೊಂದರೆ ಬಂದದ್ದು ಶಾಲೆಯಲ್ಲಿ. ಅಕ್ಕೋರು ಗುಳಿಗೆ ನಿಲ್ಲಿಸಿದರೆ ಹುಡುಗಿಯರೂ ನಿಲ್ಲಿಸುತ್ತಾರೆ. ಹುಲಿಗೆಮ್ಮ ಅಂತೂ ಖಂಡಿತ ನಿಲ್ಲಿಸುತ್ತಾಳೆ. ಆಗ ಅವಳು ಹತ್ತನೆಯ ತರಗತಿ, ರಕ್ತ ಅರ್ಧ ದಾರಿಗೆ ಏರಿತ್ತು. ಈಗ ಬಿಟ್ಟರೆ ಮತ್ತೆ ಇಳಿಯುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಗುಳಿಗೆಯಿಂದ ದೊಡ್ಡ ಅಕ್ಕೋರಿಗೇ ರೋಗ ಬಂತಂತೆ ಎಂದು ಊರಲ್ಲಿ ಸುದ್ದಿಯಾದರೆ ಮುಗಿಯಿತು, ಇನ್ನು ಹತ್ತು ವರ್ಷ ಯಾವ ತಾಯಿಯೂ ಮಗಳಿಗೆ ಗುಳಿಗೆ ಮುಟ್ಟಿಸುವುದಿಲ್ಲ. ಈ ಭಯದಲ್ಲಿ ಅಕ್ಕೋರು ಜೀವಮಾನದಲ್ಲಿ ಮೊದಲ ಸಲ ಮೋಸಕ್ಕೆ ಇಳಿದರು, ನನ್ನನ್ನೂ ಇಳಿಸಿದರು.

ನೀಲಿ ಬಣ್ಣದ, ಗುಂಡಗಿನ ಪೆಪ್ಪರ್‌ಮೆಂಟ್ ಹುಡುಕುವ ಕೆಲಸ ನನಗೆ ಬಿತ್ತು. ಕೌಲ್ ಬಜಾರಿನ ಅಂಗಡಿ ಅಂಗಡಿ ತಿರುಗಿದೆ. "ಯಾವ ರುಚೀದು ಬೇಕ್ರಿ ಸರ?" ಎಂದು ಕೇಳಿದರೆ, "ರುಚಿ ಯಾವುದಾದ್ರೂ ಇರಲಿ, ಬಣ್ಣ ನೋಡ್ರಿ" ಎನ್ನುತ್ತಿದ್ದೆ. ಒಬ್ಬ ಅಂಗಡಿಯವನು ನಶೆಯ ಮಾಲು ಕೇಳುವವನೇನೋ ಎಂಬಂತೆ ನನ್ನ ಕಣ್ಣನ್ನೇ ನೋಡಿ ಡಬ್ಬಿ ಒಳಗೆ ತೆಗೆದುಕೊಂಡ. ಕೊನೆಗೆ ಹೇಗೋ ಸಿಕ್ಕಿತು.

ಮೂರು ವಾರ ನಾಟಕ ಸರಾಗವಾಗಿ ನಡೆಯಿತು. ನಾಲ್ಕನೆಯ ಸೋಮವಾರ ಹತ್ತನೆಯ ತರಗತಿಯಲ್ಲಿ ಅಕ್ಕೋರು ಪೆಪ್ಪರ್‌ಮೆಂಟನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಏನೋ ಯೋಚನೆಯಲ್ಲಿ ಕಟುಂ ಎಂದು ಕಡಿದುಬಿಟ್ಟರು. ಇಡೀ ತರಗತಿಗೆ ಕೇಳಿಸಿತು.

"ಅಕ್ಕೋರ, ಕಡದ್ರಿ!" ಮೊದಲ ಬೆಂಚಿನಿಂದ ಹುಲಿಗೆಮ್ಮ.

"ಇಲ್ಲ."

"ಕಡದ್ರಿ. ಪೆಪ್ಪರ್‌ಮೆಂಟ್ ವಾಸನಿ ಬರಾಕತ್ತೈತಿ. ನಮಗ ಕಬ್ಬಿಣ, ನಿಮಗ ಪೆಪ್ಪರ್‌ಮೆಂಟೇನು?"

ಅಂದು ಹತ್ತನೆಯ ತರಗತಿಯ ಒಬ್ಬಳೂ ಗುಳಿಗೆ ನುಂಗಲಿಲ್ಲ. ಮರುದಿನ ಬೆಳಗ್ಗೆ ಹುಲಿಗೆಮ್ಮ ರೊಟ್ಟಿ ತಿನ್ನಲೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಶುಕ್ರವಾರದ ಹೊತ್ತಿಗೆ ಎಂಟನೆಯ ತರಗತಿಯ ಚಿಕ್ಕ ಹುಡುಗಿಯರೂ ಅಕ್ಕೋರನ್ನು ಕಂಡರೆ ಬಾಯಿ ಬಿಗಿಹಿಡಿದು ಓಡುತ್ತಿದ್ದರು. ಅಕ್ಕೋರ ಡಬ್ಬಿಯಲ್ಲಿ ಹೆಚ್ಚಿನ ಎರಡು ರೊಟ್ಟಿ ಹಾಗೇ ಒಣಗುತ್ತಿದ್ದವು. ಅವರಿಗೆ ತಮ್ಮ ಯಕೃತ್ತಿನ ಚಿಂತೆ ಇರಲಿಲ್ಲ, ಆ ಹುಡುಗಿಯದೇ ಚಿಂತೆ.

ಶನಿವಾರ ನಾನು ಹತ್ತನೆಯ ತರಗತಿಗೆ ಸಂಧಿ ಪಾಠ ಮಾಡುತ್ತಿದ್ದೆ. ಅಕ್ಕೋರು ಎರಡು ಕಾಗದ ಹಿಡಿದು ಒಳಗೆ ಬಂದರು. "ಸರ, ಐದು ನಿಮಿಷ" ಎಂದರು. ನಾನು ಹಿಂದಿನ ಬೆಂಚಿಗೆ ಹೋಗಿ ಕೂತೆ.

"ಹುಲಿಗೆಮ್ಮ, ನಿನ್ನ ರಿಪೋರ್ಟು ಎಲ್ಲಾರ ಮುಂದ ಹೇಳ್ಲೇನು?"

ಹುಲಿಗೆಮ್ಮ ಮುಖ ಊದಿಸಿಕೊಂಡೇ, "ಹೇಳ್ರಿ" ಎಂದಳು.

"ಇದು ಅಕೀದು. ಕೊಡಾ ಖಾಲಿ. ಇದು ನಂದು. ಕೊಡಾ ತುಂಬಿ, ಹೊರಗ ಚೆಲ್ಲಿ, ಮನಿ ಎಲ್ಲಾ ಹಸಿ ಆಗೇತಿ. ಖಾಲಿ ಕೊಡಕ್ಕ ನೀರು ಬೇಕು. ತುಂಬಿದ ಕೊಡಕ್ಕ ನಾನು ನೀರು ಹಾಕ್ಕೊಂತ ಹೋದೆ. ವಾರಕ್ಕೊಂದು ನುಂಗೂದು ಬಿಟ್ಟು ಹನ್ನೆರಡು, ಹದಿಮೂರು ನುಂಗಿದೆ. ಯಾರನ್ನೂ ಕೇಳಲಿಲ್ಲ, ರಕ್ತ ನೋಡಿಸಲಿಲ್ಲ. ಎಲ್ಲಾ ನನಗ ಗೊತ್ತೈತಿ ಅಂತ ತಿಳಕೊಂಡಿದ್ದೆ. ಈಗ ನನ್ನ ರಕ್ತ ತಗದು ತಗದು ಚೆಲ್ಲಾಕತ್ತಾರ. ಗುಳಿಗೀದು ತಪ್ಪಿಲ್ಲ, ನಂದು ತಪ್ಪು. ಪೆಪ್ಪರ್‌ಮೆಂಟ್ ತಿಂದು ನಿಮಗ ಮೋಸ ಮಾಡಿದ್ದೂ ತಪ್ಪು."

ಹುಲಿಗೆಮ್ಮ ಎದ್ದು ನಿಂತಳು. ಅವಳ ಮುಖ ಅಳುವಂತಾಗಿತ್ತು.

"ನನ್ನ ಸಲುವಾಗಿ ನುಂಗಿ ಹಿಂಗಾತೇನ್ರಿ ಅಕ್ಕೋರ?"

"ಹುಚ್ಚಿ! ನಿನ್ನ ಸಲುವಾಗಿ ಅಲ್ಲ, ನನ್ನ ಮೊಂಡುತನದ ಸಲುವಾಗಿ. ನೀ ಮಾತ್ರ ಬಿಡಬ್ಯಾಡವ್ವ. ಕೈ ಮುಗೀತೀನಿ."

ಹುಡುಗಿ ಬೆಂಚಿನ ಅಂಚನ್ನು ಉಗುರಿನಿಂದ ಕೆರೆದಳು. ಆಮೇಲೆ ಕೇಳಿದಳು: "ನುಂಗ್ತೀನ್ರಿ. ಆದ್ರ ನಂದು ತುಂಬಿದ ದಿನ ನೀವು ಹೇಳ್ತೀರೋ ಇಲ್ಲೋ?"

ಕೊಡಬೇಕು, ಇನ್ನೂ ಕೊಡಬೇಕು ಎಂಬುದಷ್ಟೇ ಅಕ್ಕೋರಿಗೆ ಗೊತ್ತಿತ್ತು. ಯಾವಾಗ ನಿಲ್ಲಿಸುವುದು ಎಂದು ಅಷ್ಟು ವರ್ಷಗಳಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.

"ಹೇಳ್ತೀನವ್ವ" ಎಂದರು.

ಸೋಮವಾರ ಹುಲಿಗೆಮ್ಮ ಎಲ್ಲರಿಗಿಂತ ಮೊದಲು ನುಂಗಿದಳು, ಉಳಿದವರು ಹಿಂದೆ ಬಂದರು. ದಿನಾ ಬೆಳಗ್ಗೆ ರೊಟ್ಟಿ ತಿಂದು ಅವಳು ಗುಳಿಗೆ ನುಂಗುವಾಗ ಅಕ್ಕೋರು ಎದುರು ಕೂತು ಬರೀ ಚಹಾ ಕುಡಿಯುತ್ತಿದ್ದರು, ಕಷಾಯ ಕುಡಿದವರ ಮುಖ ಮಾಡಿಕೊಂಡು. ಕೆಲವು ತಿಂಗಳಲ್ಲಿ ಹುಡುಗಿಯ ರಕ್ತ ಸರಿಯಾಯಿತು. ಒಳಗಿನ ದಾಸ್ತಾನೂ ತುಂಬಲಿ ಎಂದು ಡಾಕ್ಟರು ಇನ್ನೂ ಮೂರು ತಿಂಗಳು ಮುಂದುವರಿಸಿದರು. ವಾರ್ಷಿಕ ಪರೀಕ್ಷೆಗೆ ಮೂರು ವಾರ ಇರುವಾಗ ಕೊನೆಯ ರಿಪೋರ್ಟು ಬಂತು. ಎಲ್ಲ ತುಂಬಿದೆ, ದಿನದ ಗುಳಿಗೆ ನಿಲ್ಲಿಸಿ ಎಂದು ಡಾಕ್ಟರು ಬರೆದಿದ್ದರು.

ಅಕ್ಕೋರು ಆ ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟರು. ಆಮೇಲೆ ನನ್ನನ್ನು ಕರೆದು, ಮಕ್ಕಳು ಮಿಠಾಯಿ ಕೇಳುವ ದನಿಯಲ್ಲಿ, "ಪರೀಕ್ಷಿ ಬಂದೈತಿ ಸರ. ಇನ್ನೊಂದು ತಿಂಗಳು ನುಂಗಲಿ ಬಿಡ್ರಿ. ಏನಾಗ್ತದ? ಮೈಯಾಗ ಇನ್ನೊಂದಿಷ್ಟು ಶಕ್ತಿ ಇರಲಿ" ಎಂದರು.

"ಮೇಡಂ, ಅಕಿಗೆ ಮಾತು ಕೊಟ್ಟೀರಿ" ಎಂದೆ.

ಅವರು ಎದ್ದು ಹೊರಟರು. ನಾನು ಹಿಂದೆಯೇ ಹೋದೆ. ಹತ್ತನೆಯ ತರಗತಿಯ ಬಾಗಿಲಲ್ಲಿ ನಿಂತು, ಒಳಗೆ ನಡೆಯುತ್ತಿದ್ದ ಗಣಿತವನ್ನು ನಿಲ್ಲಿಸಿ, ಅಕ್ಕೋರು ಹುಲಿಗೆಮ್ಮನನ್ನು ಕರೆದರು. ಅವಳು ಪೆನ್ನು ಹಿಡಿದುಕೊಂಡೇ 'ಏನ್ರಿ' ಎಂದು ಎದ್ದಳು. ಅಕ್ಕೋರು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಸಾಕವ್ವ. ತುಂಬೈತಿ."

ತರಗತಿ ಚಪ್ಪಾಳೆ ತಟ್ಟಿತು. ಅಕ್ಕೋರು ಅದಕ್ಕೆ ನಿಲ್ಲಲಿಲ್ಲ. ಕೋಣೆಗೆ ಮರಳುವಾಗ ಅರ್ಧ ದಾರಿಯಲ್ಲಿ ನಿಂತು, ಸೆರಗಿನಿಂದ ಮುಖ ಒರೆಸಿಕೊಂಡು ನನಗೆ ಹೇಳಿದರು:

"ಇಷ್ಟು ವರ್ಷದ ನೌಕರ್ಯಾಗ ಈ ಮಾತು ಒಬ್ಬ ಹುಡುಗಿಗೂ ಹೇಳಿದ್ದಿಲ್ರಿ ಸರ."